ಎನ್ಸೆನಾಡದಲ್ಲಿ ದೊಡ್ಡವನು, ಹಡಗಿನಲ್ಲಿ ಚಿಕ್ಕವನು

ಲಾಸ್ ಏಂಜಲೀಸ್‌ನ ಸ್ಯಾನ್ ಪೆಡ್ರೊ ಬಂದರಿನಿಂದ ನಾಲ್ಕು ರಾತ್ರಿಯ ಪ್ರಯಾಣ. ಅಕ್ಕ, ಭಾವ, ಅವರ ಮಗ ಮತ್ತು ನಾನು. ಹುಡುಗನಿಗೆ 19 ವರ್ಷ, ಕಾಲೇಜಿನಿಂದ ರಜೆಗೆ ಬಂದಿದ್ದ. ಹಡಗು ಹತ್ತುವಾಗ ಒಬ್ಬೊಬ್ಬರಿಗೂ ಒಂದು ಕಾರ್ಡ್. ಕೋಣೆಯ ಬಾಗಿಲು ತೆಗೆಯಲು ಅದೇ, ಕಾಫಿಗೆ ದುಡ್ಡು ಕೊಡಲು ಅದೇ. ನಮ್ಮ ವಯಸ್ಸೂ ಅದರಲ್ಲೇ ಕೂತಿದೆ ಅಂತ ಗೊತ್ತಾಗಿದ್ದು ಸಂಜೆ.

ವಿನ್ಸೆಂಟ್ ಥಾಮಸ್ ತೂಗುಸೇತುವೆಯ ಹಸಿರು ಗೋಪುರಗಳು ಹಿಂದೆ ಸರಿದವು. ಡೆಕ್ ಮೇಲೆ ತಣ್ಣನೆ ಗಾಳಿ. ಭಾವ ತಮಗೊಂದು, ಮಗನಿಗೊಂದು ಬಿಯರ್ ಕೇಳಿದರು. ಬಾರ್‌ನ ಹುಡುಗಿ ಮಗನ ಕಾರ್ಡ್ ನೋಡಿ ನಕ್ಕು, ಆಗಲ್ಲ, 21 ಆಗಿರಬೇಕು ಅಂದಳು. "ಹಡಗಿನ ಬಾವುಟ ಬಹಾಮಾಸ್ ದೇಶದ್ದು, ಅಲ್ಲಿ 18ಕ್ಕೇ ಕುಡಿಯಬಹುದು. ಸಮುದ್ರಕ್ಕೆ ಬಂದಮೇಲೂ ಅಮೆರಿಕದ ಕಾನೂನು ಯಾಕೆ?" ಅಂತ ಭಾವ ವಾದ ಹೂಡಿದರು. ಹಡಗಿನ ಬಾವುಟ ಯಾವ ದೇಶದ್ದು ಅನ್ನುವುದು ಲೆಕ್ಕಕ್ಕಿಲ್ಲ, ಪ್ರಯಾಣ ಎಲ್ಲಿಂದ ಶುರುವಾಯಿತು ಅನ್ನುವುದೇ ಮುಖ್ಯ, ಇದು ಕಂಪನಿಯ ನಿಯಮ ಅಂತ ಆಕೆ ಸಮಾಧಾನವಾಗಿ ಹೇಳಿದಳು. ರಾಯಲ್ ಕೆರಿಬಿಯನ್‌ನಂಥ ದೊಡ್ಡ ಹಡಗು ಕಂಪನಿಗಳಲ್ಲೂ ಹೀಗೇ. ಉತ್ತರ ಅಮೆರಿಕದಿಂದ ಹೊರಟರೆ 21, ಯುರೋಪ್, ಏಷ್ಯಾ, ಆಸ್ಟ್ರೇಲಿಯಾದಿಂದ ಹೊರಟರೆ 18. ಇದೇ ಹುಡುಗ ಸಿಂಗಪುರದಲ್ಲಿ ಹತ್ತಿದ್ದರೆ ಅವನಿಗೆ ಬಿಯರ್ ಸಿಗುತ್ತಿತ್ತು.

ನನಗೆ ನಮ್ಮೂರು ನೆನಪಾಯಿತು. 2023ರ ಜನವರಿಯಲ್ಲಿ ಕರ್ನಾಟಕದಲ್ಲೂ ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ನಿಯಮ ಬಂದಿತ್ತು. ಜನ ವಿರೋಧಿಸಿದರು, ಸರ್ಕಾರ ಅದನ್ನು ವಾಪಸ್ ಪಡೆಯಿತು. ಆಗ ನಾನೂ ಮನೆಯಲ್ಲಿ ಜೋರಾಗಿ ಬೇಡ ಅಂದವಳೇ. ಅಮೆರಿಕದಲ್ಲಿ 21ರ ಮಿತಿ ತಂದ 1984ರ ಕಾನೂನಿನ ಹಿಂದೆ ಇದ್ದದ್ದು ರಸ್ತೆ ಅಪಘಾತ. ಕುಡಿದು ಗಾಡಿ ಓಡಿಸಿ ಸಾಯುವ ಚಿಕ್ಕ ಹುಡುಗರು ಜಾಸ್ತಿಯಾಗಿದ್ದರು. ಮಿತಿಯನ್ನು 21ಕ್ಕೆ ಏರಿಸದ ರಾಜ್ಯಗಳಿಗೆ ಹೆದ್ದಾರಿಯ ಹಣದಲ್ಲಿ ಕಡಿತ ಅಂತ ಕೇಂದ್ರ ಹೇಳಿತು. ಎಲ್ಲ ರಾಜ್ಯಗಳೂ ಏರಿಸಿದವು.

ಎರಡನೇ ದಿನ ಕ್ಯಾಟಲೀನಾ ದ್ವೀಪ. ಚಿಕ್ಕ ದೋಣಿಯಲ್ಲಿ ಅವಲಾನ್ ಊರಿಗೆ ಹೋಗಿ ಐಸ್‌ಕ್ರೀಮ್ ತಿಂದು ಬಂದೆವು.

ಮೂರನೇ ದಿನ ಮೆಕ್ಸಿಕೋದ ಎನ್ಸೆನಾಡ. ಹಡಗು ಇಲ್ಲಿಗೆ ಬರುವುದಕ್ಕೂ ಒಂದು ಹಳೆಯ ಕಾನೂನು ಕಾರಣ. ಬೇರೆ ದೇಶದ ಬಾವುಟದ ಹಡಗು ಅಮೆರಿಕದಲ್ಲೇ ಹತ್ತಿಸಿಕೊಂಡು ಅಲ್ಲೇ ಸುತ್ತಾಡಿಸಿ ಇಳಿಸುವ ಹಾಗಿಲ್ಲ, ನಡುವೆ ಹೊರದೇಶದ ಬಂದರು ಮುಟ್ಟಬೇಕು. ಇದರ ಬೇರು 1886ರ ಕಾನೂನಿನಲ್ಲಿದೆ. ಮೆಕ್ಸಿಕೋದಲ್ಲಿ ಕುಡಿಯುವ ವಯಸ್ಸು 18. ಅಂದರೆ ಮೆಟ್ಟಿಲು ಇಳಿದ ಕೂಡಲೇ ನಮ್ಮ ಹುಡುಗ ದೊಡ್ಡವನಾದ!

ಬಂದರಿನ ಹತ್ತಿರ ಭಾರಿ ದೊಡ್ಡ ಬಾವುಟ ಹಾರುತ್ತಿತ್ತು. ಮುಕ್ಕಾಲು ಗಂಟೆ ವ್ಯಾನಿನಲ್ಲಿ ಹೋಗಿ ಲಾ ಬುಫಡೋರಾ ನೋಡಿದೆವು. ಬಂಡೆಯ ಸಂದಿಗೆ ಅಲೆ ನುಗ್ಗಿ, ಒಳಗೆ ಗುಡುಗಿ, ಮೇಲಕ್ಕೆ ಚಿಮ್ಮುತ್ತದೆ. ತಲೆಯಿಂದ ಕಾಲಿನವರೆಗೆ ಒದ್ದೆಯಾದೆವು. ವಾಪಸ್ ಬಂದು 1892ರಿಂದ ಇರುವ ಹಸಾಂಗ್ಸ್ ಕಂಟೀನಾ ಅನ್ನುವ ಬಾರ್‌ಗೆ ಹೋದೆವು. ಅಲ್ಲಿ ಅಪ್ಪ, ಮಗ ಎದುರುಬದುರು ಕೂತು ಒಂದೊಂದು ಬಿಯರ್ ಕುಡಿದರು. ಅಕ್ಕ ಮೊದಲು ಮುಖ ತಿರುಗಿಸಿದಳು, ಆಮೇಲೆ ಫೋಟೋ ತೆಗೆದಳು. ಕದ್ದು ಕುಡಿಯುವ ಬದಲು ಅಪ್ಪನ ಎದುರಿಗೆ ನಿಧಾನವಾಗಿ ಕುಡಿಯುವ ಆ ಹುಡುಗನನ್ನು ನೋಡಿ, ಈ ವಿಷಯದಲ್ಲಿ ನನಗೆ ಮೊದಲಿದ್ದಷ್ಟು ಖಚಿತತೆ ಉಳಿಯಲಿಲ್ಲ.

ಹೊರಡುವಾಗ ಅವನು ರೂಮ್‌ಮೇಟ್‌ಗೆ ಅಂತ ಒಂದು ಬಾಟಲಿ ಟಕೀಲಾ ಕೊಂಡ. ನಾವು ಯಾರೂ ಯೋಚಿಸಲಿಲ್ಲ. ಹಡಗು ಹತ್ತುವ ಕಡೆ ಬ್ಯಾಗ್ ಯಂತ್ರದೊಳಗೆ ಹೋಯಿತು, ನಿಂತಿತು. ಊರಲ್ಲಿ ಕೊಂಡ ಬಾಟಲಿಯನ್ನು ಅವರು ಇಟ್ಟುಕೊಂಡು ಕೊನೆಯಲ್ಲಿ ಕೊಡುತ್ತಾರೆ, ಆದರೆ 21 ಆಗದವರಿಗೆ ಕೊಡುವುದೇ ಇಲ್ಲ. ಅಮೆರಿಕದ ಕಸ್ಟಮ್ಸ್‌ನವರೂ 21ರ ಒಳಗಿನವರಿಗೆ ಉಡುಗೊರೆಗೆಂದೂ ಮದ್ಯ ತರಲು ಬಿಡುವುದಿಲ್ಲ. ನನ್ನ ಹೊಟ್ಟೆ ಕಿವುಚಿತು. "ನನ್ನದು ಅಂತ ಹೇಳ್ಲಾ?" ಅಂತ ಅವನ ಕಿವಿಯಲ್ಲಿ ಕೇಳಿದೆ.

"ಬೇಡ ಚಿಕ್ಕಮ್ಮ. ನಾನೇ ತಾನೇ ಕೊಂಡಿದ್ದು," ಅಂದ. ಆಮೇಲೆ ಅಧಿಕಾರಿಯ ಕಡೆ ತಿರುಗಿ, ಅದು ನನ್ನದು, ನನಗೆ 19 ಅಂತ ನೆಟ್ಟಗೆ ಹೇಳಿದ. ಅಧಿಕಾರಿ ಬಾಟಲಿ ತೆಗೆದಿಟ್ಟು, ಥ್ಯಾಂಕ್ಸ್ ಹೇಳಿ ಒಳಗೆ ಬಿಟ್ಟರು. ಸುಳ್ಳು ಹೇಳಲು ಹೊರಟಿದ್ದು ನಾನು, ದೊಡ್ಡವಳು. ಆ ರಾತ್ರಿ ಊಟ ಸರಿಯಾಗಿ ಸೇರಲಿಲ್ಲ.

ಮರುದಿನ ಇಡೀ ಸಮುದ್ರ. ಹುಡುಗ ಬೆಳಿಗ್ಗೆಯೇ ಎದ್ದು, ಎನ್ಸೆನಾಡದಲ್ಲಿ ಕೊಂಡಿದ್ದ ಖಾರದ ಸಾಸ್ ಬಾಟಲಿಯನ್ನು ಹಳೆಯ ಟೀ ಶರ್ಟ್‌ನಲ್ಲಿ ಸುತ್ತುತ್ತಿದ್ದ. "ಇದು ರೂಮ್‌ಮೇಟ್‌ಗೆ," ಅಂದ. ಗಂಟು ಬಿಗಿಯಾಗಲಿ ಅಂತ ನಾನು ಒಂದು ತುದಿ ಹಿಡಿದುಕೊಂಡೆ.