ಮುಖ ಕಂಡಿತು, ಗುರುತು ಸಿಗಲಿಲ್ಲ

ನಾಲ್ಕು ವರ್ಷ ಒಂದೇ ವಿಭಾಗದಲ್ಲಿ ನನ್ನ ಜೊತೆ ಕೆಲಸ ಮಾಡಿದ್ದ ಸಹೋದ್ಯೋಗಿಯೊಬ್ಬರು ಒಂದು ಸೋಮವಾರ ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡು, ಕನ್ನಡಕವಿಲ್ಲದೆ ಬಂದಾಗ, ನಾನು ಅವರನ್ನು ಹೊರಗಿನವರೆಂದೇ ತಿಳಿದು "ಯಾರನ್ನು ಕಾಣಬೇಕಿತ್ತು?" ಎಂದು ಕೇಳಿಬಿಟ್ಟೆ. ಅವರು ತಮಾಷೆಯೆಂದು ಭಾವಿಸಿ ನಕ್ಕರು. ಆ ನಗುವಿನ ದನಿ ಕಿವಿಗೆ ಬಿದ್ದ ಮೇಲಷ್ಟೇ ಎದುರಿಗೆ ನಿಂತಿರುವವರು ಯಾರೆಂದು ನನಗೆ ಹೊಳೆಯಿತು. ಕಂಡೂ ಕಾಣದಂತೆ ಹೋಗುವವನು, ಜಂಬದವನು ಎಂಬ ಮಾತುಗಳನ್ನು ಬಾಲ್ಯದಿಂದಲೂ ಕೇಳುತ್ತ ಬಂದಿದ್ದ ನನಗೆ, ಇತರರೊಡನೆ ಬೆರೆಯುವ ಮತ್ತು ಜಗತ್ತನ್ನು ಗ್ರಹಿಸುವ ರೀತಿಯೇ ಬೇರೆಯಾಗಿರುವ ಆಟಿಸಂ ಇದೆಯೆಂದು ತಿಳಿದದ್ದು ಮೂವತ್ತು ದಾಟಿದ ಮೇಲೆ. ಹಳೆಯ ಅವಮಾನಗಳಲ್ಲಿ ಎಷ್ಟೋ ಆಗ ಅರ್ಥವಾದವು.

ಆದರೆ ಈ ವಿಷಯದಲ್ಲಿ ಎರಡು ಬೇರೆ ಬೇರೆ ತೊಡಕುಗಳನ್ನು ಜನ ಒಂದೇ ಎಂದು ಭಾವಿಸುತ್ತಾರೆ. ಎದುರಿಗಿರುವವರು ಯಾರು ಎಂದು ಗುರುತಿಸುವುದು ಒಂದು, ಅವರ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂದು ಮುಖದಿಂದ ಓದುವುದು ಇನ್ನೊಂದು. ಮುಖವನ್ನು ನಾವು ಹೇಗೆ ಗ್ರಹಿಸುತ್ತೇವೆ ಎಂಬುದಕ್ಕೆ ಮನೋವಿಜ್ಞಾನಿಗಳಾದ ವಿಕಿ ಬ್ರೂಸ್ ಮತ್ತು ಆ್ಯಂಡಿ ಯಂಗ್ 1986ರಲ್ಲಿ ಮುಂದಿಟ್ಟ ಪ್ರಸಿದ್ಧ ಮಾದರಿಯಲ್ಲಿಯೂ ಇವೆರಡು ಬೇರೆ ಬೇರೆ ದಾರಿಗಳಾಗಿಯೇ ಇವೆ. ಒಂದು ದಾರಿ ಸುಗಮವಾಗಿದ್ದು ಇನ್ನೊಂದು ಕಡಿದಾಗಿರಬಹುದು. ನನ್ನ ಪಾಲಿಗೆ ಎರಡೂ ಕಡಿದು.

ಮೊದಲನೆಯ ತೊಡಕಿಗೆ, ಅಂದರೆ ಮುಖ ನೋಡಿ ಗುರುತಿಸಲಾಗದಿರುವುದಕ್ಕೆ, ಪ್ರೊಸೊಪ್ಯಾಗ್ನೋಸಿಯಾ ಎಂಬ ಹೆಸರಿದೆ. ಮಿದುಳಿಗೆ ಪೆಟ್ಟಾದ ಬಳಿಕ ಪರಿಚಿತರ ಮುಖಗಳೇ ಅಪರಿಚಿತವಾಗಿಹೋದ ರೋಗಿಗಳನ್ನು ಕುರಿತು ಬರೆಯುತ್ತ, ಜರ್ಮನ್ ವೈದ್ಯ ಯೋಆಖಿಮ್ ಬೋಡಾಮರ್ 1947ರಲ್ಲಿ ಈ ಪದವನ್ನು ಬಳಕೆಗೆ ತಂದರು. ಯಾವ ಪೆಟ್ಟೂ ಇಲ್ಲದೆ, ಹುಟ್ಟಿನಿಂದಲೇ ಈ ತೊಡಕು ಇರುವವರೂ ಇದ್ದಾರೆಂಬುದು ಚೆನ್ನಾಗಿ ಬೆಳಕಿಗೆ ಬಂದದ್ದು ಬಹಳ ತಡವಾಗಿ. ಅಂಥವರು ನೂರಕ್ಕೆ ಸುಮಾರು ಇಬ್ಬರು ಎಂಬ ಅಂದಾಜಿದೆ. ಆಟಿಸಂ ಇರುವವರಲ್ಲಿ ಇದು ಹೆಚ್ಚಾಗಿ ಕಾಣಿಸುತ್ತದೆಯಾದರೂ ಎಲ್ಲರಲ್ಲಿಯೂ ಇರುವುದಿಲ್ಲ. ಒಮ್ಮೆ ಕಂಡವರನ್ನು ವರ್ಷಗಳ ನಂತರವೂ ಗುರುತಿಸುವ ಆಟಿಸ್ಟಿಕ್ ಗೆಳೆಯನೊಬ್ಬ ನನಗಿದ್ದಾನೆ, ಅವನ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಇದೆ.

ಮುಖ ನನಗೆ ಮಸುಕಾಗಿ ಕಾಣುತ್ತದೆಯೇ ಎಂದು ಹಲವರು ಕೇಳುತ್ತಾರೆ. ಇಲ್ಲ, ಕಣ್ಣು, ಮೂಗು, ಹುಬ್ಬು, ಗಲ್ಲದ ಮೇಲಿನ ಮಚ್ಚೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತವೆ. ಅವು ಒಟ್ಟುಗೂಡಿ ಒಬ್ಬ ವ್ಯಕ್ತಿಯಾಗುವುದಿಲ್ಲ, ಅಷ್ಟೇ. ತಲೆಕೆಳಗಾಗಿಸಿದ ಚಿತ್ರಗಳಲ್ಲಿ ಮನೆಗಳಂಥ ವಸ್ತುಗಳಿಗಿಂತ ಮುಖಗಳನ್ನು ಗುರುತಿಸುವುದು ಬಹಳ ಹೆಚ್ಚು ಕಷ್ಟವಾಗುತ್ತದೆ ಎಂದು ರಾಬರ್ಟ್ ಯಿನ್ 1969ರಲ್ಲಿ ತೋರಿಸಿದರು. ಸಾಮಾನ್ಯವಾಗಿ ಮುಖವನ್ನು ಬಿಡಿಬಿಡಿಯಾಗಿ ಅಲ್ಲ, ಇಡಿಯಾಗಿ ಗ್ರಹಿಸುತ್ತೇವೆ ಎಂಬುದು ಇದಕ್ಕೆ ಕೊಡುವ ವಿವರಣೆ. ಆ ಇಡಿಯಾದ ಗ್ರಹಿಕೆ ಒದಗದ ನಾನು ನಡಿಗೆ, ದನಿ, ಕೂದಲು, ಹೆಗಲಿನ ಚೀಲ, ಕೂರುವ ಜಾಗ ಇವುಗಳನ್ನು ಜೋಡಿಸಿ ಮನುಷ್ಯರನ್ನು ಪತ್ತೆಹಚ್ಚುತ್ತೇನೆ. ಆದ್ದರಿಂದ ಕಚೇರಿಯಲ್ಲಿ ಚೆನ್ನಾಗಿ ಗೊತ್ತಿರುವವರು ರೈಲಿನಲ್ಲಿ ಎದುರಾದರೆ ನನ್ನ ಲೆಕ್ಕವೆಲ್ಲ ತಪ್ಪುತ್ತದೆ. ಮುಖ ನೋಡಿ ಮಣೆ ಹಾಕುವವನೆಂಬ ಆರೋಪವನ್ನು ಮಾತ್ರ ನನ್ನ ಮೇಲೆ ಯಾರೂ ಹೊರಿಸಲಾರರು.

ಎರಡನೆಯ ತೊಡಕಿನ ಮಾತಿಗೆ ಬಂದರೆ, ನಮ್ಮ ಭಾಷೆಯೇ ನನ್ನನ್ನು ಅಣಕಿಸುತ್ತದೆ. ಮುಖ ಅರಳಿತು, ಬಾಡಿತು, ಸಪ್ಪಗಾಯಿತು, ಮುಖ ಗಂಟಿಕ್ಕಿಕೊಂಡರು ಎಂದೆಲ್ಲ ಎಲ್ಲರೂ ಸಲೀಸಾಗಿ ಹೇಳುತ್ತಾರೆ. ಜೋರಾದ ನಗು, ಅಳು ನನಗೂ ತಿಳಿಯುತ್ತವೆ. ಬೇಸರವನ್ನು ಮರೆಮಾಚಿದ ಮುಗುಳ್ನಗೆಯೇ ತಿಳಿಯದು. ಕಣ್ಣಿನಲ್ಲಿ ಕಣ್ಣಿಟ್ಟು ನೋಡಿದರೆ ತಿಳಿದೀತು ಎಂದು ಬುದ್ಧಿ ಹೇಳುವವರಿದ್ದಾರೆ, ಆದರೆ ಹಾಗೆ ನೋಡುವಾಗ ಎದುರಿಗಿರುವವರ ಮಾತೇ ನನ್ನ ತಲೆಗೆ ಹೋಗುವುದಿಲ್ಲ. ಆಮಿ ಕ್ಲಿನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿನಿಮಾದ ದೃಶ್ಯಗಳನ್ನು ನೋಡುವಾಗ ಆಟಿಸಂ ಇರುವವರ ದೃಷ್ಟಿ ಪಾತ್ರಗಳ ಕಣ್ಣುಗಳ ಮೇಲೆ ಉಳಿದವರಷ್ಟು ನಿಲ್ಲದೆ ಬಾಯಿಯ ಮೇಲೆ ಹೆಚ್ಚು ನಿಂತಿತ್ತು. ಕಣ್ಣುಗಳ 36 ಚಿತ್ರಗಳನ್ನು ತೋರಿಸಿ, ಪ್ರತಿಯೊಂದಕ್ಕೂ ಮನಸ್ಸಿನ ಭಾವವನ್ನು ಸೂಚಿಸುವ ನಾಲ್ಕು ಪದಗಳಲ್ಲಿ ಒಂದನ್ನು ಆರಿಸಲು ಹೇಳುವ ಪರೀಕ್ಷೆಯನ್ನು ನಾನೂ ಒಮ್ಮೆ ತೆಗೆದುಕೊಂಡೆ. ಮನೆಯಲ್ಲಿ ಯಾರಾದರೂ ಸುಮ್ಮನೆ ಕುಳಿತಾಗ ನಾಲ್ಕು ಉತ್ತರಗಳನ್ನು ಮುಂದಿಡುವವರು ಯಾರಿದ್ದಾರೆ?

ಇದೆಲ್ಲಕ್ಕೂ ಆಟಿಸಂ ಒಂದೇ ಕಾರಣವೆಂದು ಹೇಳುವುದಕ್ಕೂ ಆಗದು. ತಮ್ಮದೇ ಭಾವನೆಗಳನ್ನು ಗುರುತಿಸಿ ಹೆಸರಿಡಲು ಕಷ್ಟವಾಗುವ ಸ್ಥಿತಿಗೆ ಅಲೆಕ್ಸಿಥೈಮಿಯಾ ಎನ್ನುತ್ತಾರೆ. ಆಟಿಸಂ ಇರುವವರಲ್ಲಿ ಇದು ಸಾಮಾನ್ಯ, ಆದರೆ ಅನಿವಾರ್ಯವಲ್ಲ. ಮುಖಭಾವವನ್ನು ಓದುವಲ್ಲಿನ ತೊಡಕಿಗೆ ಆಟಿಸಂಗಿಂತ ಇದೇ ಹೆಚ್ಚು ಕಾರಣವೆಂದು ರಿಚರ್ಡ್ ಕುಕ್ ಮತ್ತು ಸಂಗಡಿಗರು 2013ರಲ್ಲಿ ವಾದಿಸಿದರು. ನನಗೆ ಇದು ಒಪ್ಪಿಗೆಯಾಗುತ್ತದೆ, ಏಕೆಂದರೆ ಹೊಟ್ಟೆ ತೊಳಸಿದಂತಾಗುವುದು ಹಸಿವಿನಿಂದಲೋ ಭಯದಿಂದಲೋ ಎಂಬುದನ್ನು ನನ್ನ ವಿಷಯದಲ್ಲಿಯೇ ನಾನು ಬೇಗ ಹೇಳಲಾರೆ.

ಇನ್ನೊಂದು ಮಾತನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಓದಲಾಗದಿರುವುದು ಒಂದೇ ಕಡೆಯ ಕೊರತೆಯಲ್ಲ, ಆಟಿಸಂ ಇರುವವರು, ಇಲ್ಲದವರು ಎರಡೂ ಕಡೆಯವರು ಪರಸ್ಪರರನ್ನು ಅರಿಯಲು ಎಡವುತ್ತಾರೆ ಎಂದು ಸ್ವತಃ ಆಟಿಸ್ಟಿಕ್ ಆಗಿರುವ ಡೇಮಿಯನ್ ಮಿಲ್ಟನ್ 2012ರಲ್ಲಿ ಬರೆದರು. ನಾನು ಸಂತೋಷದಿಂದಿರುವಾಗಲೂ "ಯಾಕೆ ಸಿಟ್ಟಾಗಿದ್ದೀರಿ?" ಎಂದು ಕೇಳುವವರು ಕಡಿಮೆಯೇನಿಲ್ಲ. ಅವರ ತಪ್ಪು ಓದಿಗೆ ಯಾವ ವೈದ್ಯರೂ ಹೆಸರಿಟ್ಟಿಲ್ಲ.

ಗಿಡ್ಡ ಕೂದಲಿನ ಆ ಸಹೋದ್ಯೋಗಿಗೆ ಕೊನೆಗೊಮ್ಮೆ ಎಲ್ಲವನ್ನೂ ಹೇಳಿದೆ. ಅವರು ಅನುಕಂಪದ ಮಾತನ್ನೇನೂ ಆಡಲಿಲ್ಲ. ಮರುದಿನದಿಂದ ನನ್ನ ಮೇಜಿನ ಹತ್ತಿರ ಬರುವಾಗ ತಮ್ಮ ಹೆಸರು ಹೇಳಿಕೊಂಡೇ ಬರುತ್ತಾರೆ, ಬೇಸರವಾಗಿದ್ದರೆ ಅದನ್ನೂ ಬಾಯಿಬಿಟ್ಟು ಹೇಳುತ್ತಾರೆ.