ಬೋರ್ಡ್ ಮೇಲೆ 6174

ಇವತ್ತು ಹಾಸನದಲ್ಲಿ ಸುತ್ತಮುತ್ತಲ ಡಿಗ್ರಿ ಕಾಲೇಜುಗಳ ಗಣಿತ ಮೇಷ್ಟ್ರುಗಳು, ವಿದ್ಯಾರ್ಥಿಗಳು ಎಲ್ಲ ಸೇರಿದ್ದೆವು. ಭಾಷಣಗಳು ಚೆನ್ನಾಗಿದ್ದವು. ಆದರೆ ನನಗೆ ತುಂಬಾ ಹಿಡಿಸಿದ್ದು ಬಿಎಸ್ಸಿ ಓದುವ ಒಬ್ಬ ಹುಡುಗಿ ಮಾತಾಡಿದ ಹತ್ತು ನಿಮಿಷ.

ಸ್ಲೈಡು ಗೀಡು ಏನೂ ಇಲ್ಲ. ಸೀದಾ ಬೋರ್ಡಿಗೆ ಹೋಗಿ 3524 ಅಂತ ಬರೆದಳು. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದನ್ನೇ ತಿರುಗಿಸಿ ಕಳೆದಳು. 5432ರಲ್ಲಿ 2345 ಹೋದರೆ 3087. ಮತ್ತೆ ಹಾಗೇ ಮಾಡಿದರೆ 8352. ಇನ್ನೊಂದು ಸಲಕ್ಕೆ 6174. ಆಮೇಲೆ ಎಷ್ಟು ಸಲ ಮಾಡಿದರೂ ಅದೇ!

"ನಿಮ್ಮಿಷ್ಟದ ಸಂಖ್ಯೆ ತಗೊಳ್ಳಿ ಸರ್. ನಾಲ್ಕೂ ಅಂಕಿ ಒಂದೇ ಆಗಿರಬಾರದು, ಅಷ್ಟೇ. ಹೆಚ್ಚೆಂದರೆ ಏಳು ಸಲ, ಇಲ್ಲಿಗೇ ಬರ್ತೀರಿ."

ಮುಂದಿನ ಸಾಲಲ್ಲಿದ್ದ ನಿವೃತ್ತ ಪ್ರೊಫೆಸರ್ ಒಬ್ಬರು ಆಮಂತ್ರಣ ಪತ್ರಿಕೆಯ ಹಿಂದೆ ತಮ್ಮ ಸ್ಕೂಟರ್ ನಂಬರ್ ಬರೆದು ಕಳೆಯೋಕೆ ಶುರು ಮಾಡಿದರು. ಬಂದೇಬಿಟ್ಟಿತು. ಪಕ್ಕದವರಿಗೆ ತೋರಿಸುವಾಗ ಅವರ ಮುಖ ನೋಡಬೇಕಿತ್ತು!

ಇದನ್ನು ಕಂಡುಹಿಡಿದ ಕಾಪ್ರೇಕರ್ ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರು. 1949ರಲ್ಲಿ ಮದ್ರಾಸಿನ ಗಣಿತ ಸಮ್ಮೇಳನದಲ್ಲಿ ಇದನ್ನು ಎಲ್ಲರ ಮುಂದಿಟ್ಟರು. ಇಂಥ ಸಭೆಗಳು ಇರಲೇಬೇಕು ಅನ್ನೋದು ಇದಕ್ಕೇ ಅಲ್ವಾ? ಕ್ಲಾಸಲ್ಲಿ ನಮಗೆ ಸಿಲಬಸ್ ಮುಗಿಸುವ ಧಾವಂತ. ಇಲ್ಲಿ ಮಕ್ಕಳು ಹೇಳ್ತಾರೆ, ನಾವು ಸುಮ್ನೆ ಕೂತು ಕೇಳ್ತೀವಿ. ಇದು ಇನ್ನೂ ಜಾಸ್ತಿ ಆಗಬೇಕು.

ಊಟದ ಕ್ಯೂನಲ್ಲಿ ಬೇರೆ ಕಾಲೇಜಿನ ಹುಡುಗನೊಬ್ಬ ಅವಳನ್ನು ಕೇಳಿದ, "ಐದಂಕಿ ತಗೊಂಡ್ರೆ?"

"ಒಂದೇ ಸಂಖ್ಯೆಗೆ ಬಂದು ನಿಲ್ಲಲ್ಲ. ಕೆಲವು ಸಂಖ್ಯೆಗಳಲ್ಲೇ ಸುತ್ತು ಹೊಡೆಯುತ್ತೆ."

"ಯಾಕೆ?" ಅಂದವನೇ ಪೆನ್ನು ತೆಗೆದ.