“ಲೈಂಗಿಕ ರೋಗಗಳು ವಿಪರೀತ ಜಾಸ್ತಿಯಾಗಿವೆಯಂತೆ, ಹೌದಾ?”

ಸೋಂಕಿನ ಲೆಕ್ಕ ನೋಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳುವವರಿಗೆ ಬೇಕಿರುವುದು ಹೌದು ಅಥವಾ ಇಲ್ಲ. ಅದರ ಬೆನ್ನಿಗೇ “ಈಗಿನವರ ನಡತೆಯೇ ಹಾಗೆ” ಎಂಬ ತೀರ್ಪು. ಇದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ವರದಿಯಾದ ಪ್ರಕರಣಗಳಿಂದ ಯಾರ ನಡತೆಯನ್ನೂ ಅಳೆಯಲಾಗದು. ಎಷ್ಟೋ ಸಲ ಸೋಂಕನ್ನೇ ಅಳೆಯಲಾಗದು.

ಕ್ಲಮಿಡಿಯಾ ಎಂಬ ಲೈಂಗಿಕ ಸೋಂಕು ತಗುಲಿದ ಹೆಚ್ಚಿನವರಿಗೆ ಲಕ್ಷಣವೇ ಇರುವುದಿಲ್ಲ. ಹುಡುಕಿದರಷ್ಟೇ ಸಿಗುತ್ತದೆ. 2020ರಲ್ಲಿ ಅಮೆರಿಕದಲ್ಲಿ ವರದಿಯಾದ ಕ್ಲಮಿಡಿಯಾ ಹಿಂದಿನ ವರ್ಷಕ್ಕಿಂತ ಶೇ 13ರಷ್ಟು ಇಳಿಯಿತು. ಬೇರೆ ಲೈಂಗಿಕ ಸೋಂಕುಗಳಾದ ಗೊನೊರಿಯಾ, ಸಿಫಿಲಿಸ್ ಏರಿದವು. ಕೋವಿಡ್ ಹೊತ್ತಿನಲ್ಲಿ ತಪಾಸಣೆ ಕುಗ್ಗಿದ್ದೇ ಆ ಇಳಿಕೆಗೆ ಮುಖ್ಯ ಕಾರಣ.

ಹಾಗಾಗಿ ಮೊದಲು ಕೇಳಬೇಕಾದ್ದು, ಎಷ್ಟು ಪರೀಕ್ಷೆಗಳಾದವು? ಒಂದು ವರ್ಷ 1,000 ಪರೀಕ್ಷೆಗೆ 50 ಪಾಸಿಟಿವ್, ಮರುವರ್ಷ 3,000ಕ್ಕೆ 120 ಎಂದಿಟ್ಟುಕೊಳ್ಳಿ. ಪ್ರಕರಣಗಳು ದುಪ್ಪಟ್ಟು ದಾಟಿದವು, ಪ್ರಮಾಣ ಮಾತ್ರ ಶೇ 5ರಿಂದ 4ಕ್ಕೆ ಇಳಿಯಿತು. ಹಾಗೆಂದು ಸಮಾಧಾನಪಡುವಂತಿಲ್ಲ. ಹೊಸದಾಗಿ ಪರೀಕ್ಷೆಗೆ ಬಂದವರು ಅಪಾಯ ಕಡಿಮೆ ಇರುವವರಾದರೆ ಪ್ರಮಾಣ ತಾನಾಗಿ ಇಳಿಯುತ್ತದೆ. ವಯಸ್ಸು, ಲಿಂಗ, ಕ್ಲಿನಿಕ್, ದೇಹದಲ್ಲಿ ಸ್ಯಾಂಪಲ್ ತೆಗೆದ ಜಾಗ ಎಲ್ಲವನ್ನೂ ಬೇರೆ ಮಾಡಿ ನೋಡಬೇಕು. ಗಂಟಲಿನ ಗೊನೊರಿಯಾ ಸಾಮಾನ್ಯವಾಗಿ ಸದ್ದಿಲ್ಲದೆ ಇರುತ್ತದೆ. ಮೂತ್ರವನ್ನಷ್ಟೇ ಪರೀಕ್ಷಿಸುವ ಕಡೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಎಣಿಕೆಯಲ್ಲೂ ಎಡವಟ್ಟುಗಳಿವೆ. ಚಿಕಿತ್ಸೆಯಾದ ಮೂರು-ನಾಲ್ಕು ವಾರಗಳವರೆಗೆ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಪಿಸಿಆರ್‌ನಲ್ಲಿ ಸಿಗಬಹುದು. ಅದನ್ನು ಹೊಸ ಸೋಂಕೆಂದು ಬರೆದರೆ ಲೆಕ್ಕ ಕೆಟ್ಟಿತು. ಸಿಫಿಲಿಸ್ ಇನ್ನೂ ತೊಡಕು. ಅದನ್ನು ತರುವ ಟ್ರೆಪೊನೆಮಾ ಬ್ಯಾಕ್ಟೀರಿಯಾದ ವಿರುದ್ಧ ದೇಹ ತಯಾರಿಸುವ ಪ್ರತಿಕಾಯದ ಪರೀಕ್ಷೆ ಗುಣವಾದ ಮೇಲೂ ಬಹುತೇಕರಲ್ಲಿ ಜೀವನಪೂರ್ತಿ ಪಾಸಿಟಿವ್. ಆರ್‌ಪಿಆರ್ ಎಂಬ ಇನ್ನೊಂದು ರಕ್ತಪರೀಕ್ಷೆಯ ಟೈಟರ್ (ಪ್ರತಿಕಾಯದ ಮಟ್ಟ) 1:4ರಿಂದ 1:16ಕ್ಕೆ, ಅಂದರೆ ನಾಲ್ಕು ಪಟ್ಟು ಏರಿದರೆ ಮರುಸೋಂಕು ಅಥವಾ ಚಿಕಿತ್ಸೆ ಫಲಿಸಿಲ್ಲವೆಂಬ ಶಂಕೆ. ಹಳೆಯ ಟೈಟರ್ ದಾಖಲಾಗದಿದ್ದರೆ ಹೋಲಿಸುವುದು ಯಾವುದಕ್ಕೆ? ಸ್ಯಾಂಪಲ್ ದಿನಾಂಕದ ಮೇಲೆ ಬಿಡಿಸಿದ ಗ್ರಾಫಿನ ತುದಿ ಕೆಳಗೆ ಬಾಗಿದ್ದರೂ ಹಿಗ್ಗಬೇಡಿ, ಆ ವಾರಗಳ ವರದಿಗಳು ಇನ್ನೂ ಬರಬೇಕಿರುತ್ತವೆ.

ಇಷ್ಟು ಹೇಳುವ ಹೊತ್ತಿಗೆ ಕೇಳಿದವರ ಗಮನ ಬೇರೆಡೆ ಹೋಗಿರುತ್ತದೆ. ಅವರು ಕೇಳಬೇಕಿತ್ತು ಎಂದು ನನಗನಿಸುವ ಪ್ರಶ್ನೆಯೇ ಬೇರೆ: ಈ ಮಗು ಸಿಫಿಲಿಸ್ ಹೊತ್ತು ಹುಟ್ಟಿದ್ದು ಹೇಗೆ? ಗರ್ಭದಲ್ಲಿ ತಾಯಿಯಿಂದ ಮಗುವಿಗೆ ದಾಟುವ ಇದು ತಡೆಯಬಹುದಾದ ಕಾಯಿಲೆ. ಒಂದು ಲಕ್ಷ ಜೀವಂತ ಜನನಗಳಿಗೆ 50 ಪ್ರಕರಣ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ. ಗರ್ಭಿಣಿಗೆ ತಗುಲಿದ ಸೋಂಕು ಹೊಸದಾದರೆ 24 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್ ಒಂದು ಸಲ. ಹಳೆಯದು ಅಥವಾ ಅವಧಿ ತಿಳಿಯದ್ದಾದರೆ ವಾರಕ್ಕೊಂದರಂತೆ ಮೂರು. ಹೆರಿಗೆಗೆ ಕನಿಷ್ಠ 30 ದಿನ ಮೊದಲೇ ಶುರುವಾಗಬೇಕು.

ಅಂಥ ಪ್ರತಿ ಮಗುವಿಗೂ ತಾಯಿಯ ಮೊದಲ ತಪಾಸಣೆ, ರಕ್ತ ತೆಗೆದದ್ದು, ಫಲಿತಾಂಶ ಬಂದದ್ದು, ಮೊದಲ ಇಂಜೆಕ್ಷನ್, ಹೆರಿಗೆ, ಈ ದಿನಾಂಕಗಳನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಎಲ್ಲಿ ಕೈತಪ್ಪಿತೆಂದು ಅಲ್ಲೇ ಗೊತ್ತಾಗುತ್ತದೆ. ಒಂದು ಕಡೆ ರಕ್ತವನ್ನೇ ತೆಗೆದಿಲ್ಲ, ಇನ್ನೊಂದು ಕಡೆ ಫಲಿತಾಂಶ ಆಕೆಗೆ ತಲುಪಿಲ್ಲ, ಮತ್ತೊಂದು ಕಡೆ ಪೆನಿಸಿಲಿನ್ ದಾಸ್ತಾನಿಲ್ಲ. ಎಲ್ಲವೂ ಸರಿಯಾಗಿದ್ದರೆ ಸಂಗಾತಿಗೆ ಚಿಕಿತ್ಸೆಯಾಗಿದೆಯೇ ನೋಡಿ. ಆಗದಿದ್ದರೆ ಆಕೆಗೆ ಮತ್ತೆ ತಗುಲಿರಬಹುದು.